ತಕರಾರಿನಿಂದ ರಾಜಿಗೆ

ನಮ್ಮ ಊರುಗಳಲ್ಲಿ ದಿನವೂ ಕಿವಿಗೆ ಬೀಳುವ ಎರಡು ಮಾತುಗಳಿಂದ ಈ ಪಾಠವನ್ನು ಆರಂಭಿಸೋಣ. ಒಂದು ‘ತಕರಾರು’, ಇನ್ನೊಂದು ‘ರಾಜಿ’. ಎರಡೂ ಮೂಲದಲ್ಲಿ ಅರಬಿ ಪದಗಳು. ಅರಬಿಯಲ್ಲಿ ‘ತಕ್‌ರಾರ್’ ಎಂದರೆ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವುದು. ‘ರಾಝಿ’ ಎಂದರೆ ಸಂತೃಪ್ತನಾದವನು, ಮನಸಾರೆ ಒಪ್ಪಿದವನು. ಕನ್ನಡಕ್ಕೆ ಬಂದ ಮೇಲೆ ತಕರಾರು ಜಗಳವಾಯಿತು, ರಾಜಿ ಜಗಳದ ಮುಕ್ತಾಯವಾಯಿತು. ಆದರೆ ಮೂಲಾರ್ಥವನ್ನು ಮರೆತದ್ದರಿಂದ ನಮಗೆ ಒಂದು ನಷ್ಟವೂ ಆಗಿದೆ. ಕಾಗದದ ಕೆಳಗೆ ಹೆಬ್ಬೆಟ್ಟು ಒತ್ತಿದವರೆಲ್ಲರೂ ರಾಜಿಯಾದರೆಂದು ನಾವು ತಿಳಿಯುತ್ತೇವೆ. ಒತ್ತಿದವರ ಮನಸ್ಸು ತೃಪ್ತವಾಯಿತೇ ಎಂದು ಯಾರೂ ಕೇಳುವುದಿಲ್ಲ.

ನ್ಯಾಯಾಲಯದ ಹೊರಗೆ, ಅಥವಾ ನ್ಯಾಯಾಲಯದ ನೆರವಿನಿಂದಲೇ ಆದರೂ ತೀರ್ಪಿನ ತನಕ ಹೋಗದೆ, ವಿವಾದಗಳನ್ನು ಬಗೆಹರಿಸುವ ವಿಧಾನಗಳಿಗೆ ಇಂದು ಕಾನೂನಿನಲ್ಲಿ ದೊಡ್ಡ ಸ್ಥಾನವಿದೆ. ವಕೀಲರಾಗಲು ಓದುವವರಿಗೆ ಅದೊಂದು ಕಡ್ಡಾಯ ಪಠ್ಯ. ಮದ್ರಸದ ವಿದ್ಯಾರ್ಥಿಯೂ ಫಿಕ್ಹ್ ಗ್ರಂಥಗಳಲ್ಲಿ ‘ಸುಲ್ಹ್’ ಎಂಬ ಅಧ್ಯಾಯವಾಗಿ ಇದೇ ವಿಷಯವನ್ನು ಓದುತ್ತಾನೆ. ಇಬ್ಬರ ಪಾಠವನ್ನೂ ಒಟ್ಟಿಗೆ ಇಟ್ಟು ನೋಡಿದರೆ ನಮ್ಮ ಮನೆ, ಮಸೀದಿ, ಜಮಾಅತ್‌ಗಳಿಗೆ ಬೇಕಾದ ಒಂದು ಮುಖ್ಯ ನಿಯಮ ಸಿಗುತ್ತದೆ.

ನನ್ನದೇ ಒಂದು ತಪ್ಪು

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಮದ್ರಸದ ಓದು ಮುಗಿಸಿ ಹೊಸದಾಗಿ ಪಾಠ ಹೇಳಲು ತೊಡಗಿದ್ದ ಕಾಲ. ಬುಕ್ಕಾಂಬುಧಿಯ ಕಡೆಯ ಒಂದು ಊರಿನಲ್ಲಿ ಪಾಲಿನ ಪಂಚಾಯ್ತಿಗೆ ನನ್ನನ್ನೂ ಕರೆದರು. ತಂದೆ ತೀರಿಕೊಂಡಿದ್ದರು, ತಾಯಿ ಅವರಿಗಿಂತ ಮೊದಲೇ ಹೋಗಿದ್ದರು. ಇಬ್ಬರು ಗಂಡುಮಕ್ಕಳು, ಒಬ್ಬ ಹೆಣ್ಣುಮಗಳು. ಐದು ಎಕರೆ ತೆಂಗು ಅಡಿಕೆಯ ತೋಟ, ಒಂದು ಹಳೆಯ ಮನೆ. ಅಣ್ಣತಮ್ಮಂದಿರು ಒಂದೇ ಮಾತು ಹಿಡಿದಿದ್ದರು: “ಆಪಾ ಮದುವೆಗೆ ಅಬ್ಬಾ ಖರ್ಚು ಮಾಡಿದ್ದಾರೆ. ತೋಟ ಒಡೆಯೋದು ಬೇಡ.”

ನಾನು ಎದ್ದು ರಕ್ತಸಂಬಂಧದ ಮಹತ್ವದ ಬಗ್ಗೆ ಅರ್ಧ ಗಂಟೆ ಮಾತನಾಡಿದೆ. ಸಂಬಂಧ ಕಡಿದುಕೊಳ್ಳುವವನಿಗೆ ಬಂದಿರುವ ಎಚ್ಚರಿಕೆಯನ್ನು ಹೇಳಿದೆ. ಕೊನೆಗೆ ಆ ಸಹೋದರಿಯ ಕಡೆ ತಿರುಗಿ, “ಆಪಾ, ಮಾಫ್ ಮಾಡಿಬಿಡಿ, ಅಲ್ಲಾಹನು ನಿಮಗೆ ಹೆಚ್ಚು ಕೊಡುತ್ತಾನೆ” ಎಂದೆ. ಅವರು ಸೆರಗಿನಂಚನ್ನು ಕಣ್ಣಿಗೆ ಒತ್ತಿಕೊಂಡು ತಲೆಯಾಡಿಸಿದರು. ಕಾಗದ ತಯಾರಾಯಿತು. ಎಲ್ಲರೂ ಚಹಾ ಕುಡಿದು ನನ್ನನ್ನು ಹೊಗಳಿದರು.

ಎರಡು ತಿಂಗಳ ಬಳಿಕ ಅದೇ ಸಹೋದರಿ ಮಗನನ್ನು ಮದ್ರಸಕ್ಕೆ ಸೇರಿಸಲು ಬಂದವರು, ಹೊರಡುವಾಗ ಬಾಗಿಲ ಬಳಿ ನಿಂತು ಕೇಳಿದರು: “ಹಜ್ರತ್, ಆವತ್ತು ನಾನು ಮಾಫ್ ಮಾಡಿದ ಪಾಲು ಎಷ್ಟಿತ್ತು?”

ನನ್ನಲ್ಲಿ ಉತ್ತರವಿರಲಿಲ್ಲ. ಲೆಕ್ಕ ನನಗೆ ಬರುತ್ತಿರಲಿಲ್ಲವೆಂದಲ್ಲ. ಇಬ್ಬರು ಗಂಡುಮಕ್ಕಳಿಗೆ ಎರಡೆರಡು, ಹೆಣ್ಣುಮಗಳಿಗೆ ಒಂದು, ಒಟ್ಟು ಐದು ಭಾಗ. ಸಾಲ ತೀರಿಸಿ ವಸಿಯತ್ ಇದ್ದರೆ ಅದನ್ನು ಪೂರೈಸಿದ ಮೇಲೆ ಐದರಲ್ಲಿ ಒಂದು ಅವರದು. ಬಾಲಕರಿಗೆ ನಾನೇ ಕಲಿಸುವ ಪಾಠ ಅದು. ಆದರೆ ಆ ದಿನ ಯಾರೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಎಷ್ಟೆಂದು ತಿಳಿಯದ್ದನ್ನು ಬಿಟ್ಟುಕೊಡುವಂತೆ ನಾನು ಅವರಿಗೆ ಹೇಳಿದ್ದೆ. ತಕರಾರು ನಿಂತಿತ್ತು, ಆದರೆ ರಾಜಿ ಆಗಿರಲಿಲ್ಲ.

ಕಾನೂನು ತೆರೆದ ಬಾಗಿಲುಗಳು

ಊರ ಹಿರಿಯರು ಕೂತು ವ್ಯಾಜ್ಯ ತೀರಿಸುವುದು ನಮ್ಮ ನಾಡಿಗೆ ಹೊಸತಲ್ಲ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ವಿಜ್ಞಾನೇಶ್ವರನು ಬರೆದ ‘ಮಿತಾಕ್ಷರಾ’ ಗ್ರಂಥದಲ್ಲಿ ಕುಲ, ಶ್ರೇಣಿ, ಪೂಗ ಎಂಬ ಸಭೆಗಳ ಪ್ರಸ್ತಾಪವಿದೆ. ಬಂಧುಗಳ ಸಭೆ, ಕಸುಬುದಾರರ ಸಭೆ, ಊರವರ ಸಭೆ ಎಂದು ಅವುಗಳನ್ನು ಹೇಳಬಹುದು. ಕೆಳಗಿನ ಸಭೆಯ ತೀರ್ಮಾನ ಒಪ್ಪಿಗೆಯಾಗದವನು ಮೇಲಿನ ಸಭೆಗೆ ಹೋಗಬಹುದಿತ್ತು.

ಇಂದಿನ ಭಾರತದಲ್ಲಿ ಇದಕ್ಕೆ ಬೇರೆಯೇ ರೂಪವಿದೆ. 1982ರಲ್ಲಿ ಗುಜರಾತಿನ ಜುನಾಗಢ ಜಿಲ್ಲೆಯ ಊನಾ ಎಂಬಲ್ಲಿ ಲೋಕ ಅದಾಲತ್ ನಡೆಯಿತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆ 1995ರ ನವೆಂಬರ್ 9ರಂದು ಜಾರಿಗೆ ಬಂದಾಗ ಲೋಕ ಅದಾಲತ್‌ಗೆ ಶಾಸನದ ಬಲ ಸಿಕ್ಕಿತು. ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಮು 2002ರ ಜುಲೈ 1ರಿಂದ ಹೊಸ ರೂಪದಲ್ಲಿ ಬಂದು, ರಾಜಿಗೆ ಅವಕಾಶವಿರುವ ದಾವೆಯನ್ನು ಬೇರೆ ದಾರಿಗೆ ಕಳುಹಿಸುವ ಅಧಿಕಾರವನ್ನು ನ್ಯಾಯಾಧೀಶರಿಗೆ ಕೊಟ್ಟಿತು. 2007ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟಿನ ಆಶ್ರಯದಲ್ಲಿ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ ಆರಂಭವಾಯಿತು. 2023ರಲ್ಲಿ ಮಧ್ಯಸ್ಥಿಕೆಗೆಂದೇ ಸಂಸತ್ತು ಒಂದು ಪ್ರತ್ಯೇಕ ಕಾಯಿದೆ ಮಾಡಿತು.

ಈ ದಾರಿಗಳನ್ನು ಒಂದರೊಡನೊಂದು ಬೆರೆಸಬಾರದು. ಎರಡು ಕಡೆಯವರೇ ನೇರವಾಗಿ ಕೂತು ಮಾತನಾಡಿದರೆ ಅದು ಮಾತುಕತೆ. ಮೂರನೆಯವರು ಕೂತು ಇಬ್ಬರ ಮಾತನ್ನೂ ಇಬ್ಬರಿಗೂ ಅರ್ಥವಾಗುವಂತೆ ಮಾಡಿ, ತೀರ್ಮಾನವನ್ನು ಅವರಿಗೇ ಬಿಟ್ಟರೆ ಅದು ಮಧ್ಯಸ್ಥಿಕೆ. ಮೂರನೆಯವರು ತಾವೇ ಒಂದು ಪರಿಹಾರವನ್ನು ಸೂಚಿಸಿದರೆ ಸಂಧಾನ. ಮೂರನೆಯವರ ತೀರ್ಮಾನಕ್ಕೆ ಬದ್ಧರಾಗುತ್ತೇವೆಂದು ಮೊದಲೇ ಒಪ್ಪಿ ವಿಷಯವನ್ನು ಅವರ ಕೈಗೆ ಒಪ್ಪಿಸಿದರೆ ಪಂಚ ತೀರ್ಪು. ಫಿಕ್ಹ್‌ನಲ್ಲಿ ಇದನ್ನು ‘ತಹ್‌ಕೀಮ್’ ಎನ್ನುತ್ತಾರೆ. ಲೋಕ ಅದಾಲತ್‌ನಲ್ಲಿ ಕೂತವರಿಗೂ ತೀರ್ಪನ್ನು ಹೇರುವ ಅಧಿಕಾರವಿಲ್ಲ. ಇಬ್ಬರೂ ಒಪ್ಪಿದ್ದನ್ನು ಮಾತ್ರ ಅವರು ದಾಖಲಿಸಬಲ್ಲರು. ಹಾಗೆ ದಾಖಲಾದದ್ದಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯ ಬೆಲೆಯಿದೆ, ಅದರ ಮೇಲೆ ಅಪೀಲು ಇಲ್ಲ. ಆದ್ದರಿಂದ ಒಪ್ಪುವ ಮೊದಲೇ ಯೋಚಿಸಬೇಕು.

ನಮ್ಮ ಪಂಚಾಯ್ತಿಗಳ ಗೊಂದಲ ಇಲ್ಲೇ ಹುಟ್ಟುತ್ತದೆ. ಮಧ್ಯಸ್ಥಿಕೆಗೆಂದು ಕರೆಸಿಕೊಂಡವರು ಕೂತ ಅರ್ಧ ಗಂಟೆಯಲ್ಲಿ ನ್ಯಾಯಾಧೀಶರಾಗಿಬಿಡುತ್ತೇವೆ. ಕೋರ್ಟಿನ ಮಧ್ಯಸ್ಥರಾಗುವವರಿಗೆ 40 ಗಂಟೆಗಳ ತರಬೇತಿ ಇರುತ್ತದೆ. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಕೇಳುವುದು, ಆಮೇಲೆ ಒಬ್ಬೊಬ್ಬರನ್ನೇ ಪ್ರತ್ಯೇಕವಾಗಿ ಕೇಳುವುದು, ಒಬ್ಬರು ಗುಟ್ಟಾಗಿ ಹೇಳಿದ್ದನ್ನು ಇನ್ನೊಬ್ಬರಿಗೆ ದಾಟಿಸದಿರುವುದು, ಇವನ್ನೆಲ್ಲ ಅವರು ಕಲಿಯುತ್ತಾರೆ. ಭಾರತೀಯ ವಕೀಲರ ಪರಿಷತ್ತು 2008ರ ತನ್ನ ಶಿಕ್ಷಣ ನಿಯಮಗಳಲ್ಲಿ ಈ ವಿಷಯವನ್ನು ಕಾನೂನು ಕಾಲೇಜುಗಳಿಗೆ ಕಡ್ಡಾಯ ಪ್ರಾಯೋಗಿಕ ಪಠ್ಯವಾಗಿಸಿತು. ಬರಿಯ ಪುಸ್ತಕ ಓದಿದರೆ ಸಾಲದು. ವಿದ್ಯಾರ್ಥಿಗಳು ತಾವೇ ಕಕ್ಷಿದಾರರಂತೆ ಕೂತು ಮಾತುಕತೆ ನಡೆಸಿ ಕಲಿಯಬೇಕೆಂಬುದು ಅದರ ಆಶಯ. ಆ ದಿನ ಪಂಚಾಯ್ತಿಗೆ ಹೋಗಿದ್ದ ನನಗೆ ಅಂಥ ತರಬೇತಿ ಒಂದು ಗಂಟೆಯದೂ ಇರಲಿಲ್ಲ.

ಬೇಡಿಕೆ ಬೇರೆ, ಅಗತ್ಯ ಬೇರೆ

ಆ ಪಠ್ಯದ ಒಂದು ಮುಖ್ಯ ಪಾಠವನ್ನು ಇಲ್ಲಿ ಹೇಳಬೇಕು. ಅಮೆರಿಕದ ಹಾರ್ವರ್ಡ್‌ನಲ್ಲಿ ಮಾತುಕತೆಯ ಕಲೆಯನ್ನು ಅಧ್ಯಯನ ಮಾಡಿದ ರೋಜರ್ ಫಿಶರ್ ಮತ್ತು ವಿಲಿಯಂ ಯೂರಿ 1981ರಲ್ಲಿ ‘ಗೆಟಿಂಗ್ ಟು ಯೆಸ್’ ಎಂಬ ಪುಸ್ತಕ ಬರೆದರು. ಜನರು ಬಾಯಲ್ಲಿ ಹೇಳುವ ಬೇಡಿಕೆಯ ಹಿಂದೆ ಅವರ ನಿಜವಾದ ಅಗತ್ಯವಿರುತ್ತದೆ, ಅದನ್ನು ಹುಡುಕಬೇಕು ಎಂಬುದು ಅವರ ವಾದದ ತಿರುಳು.

ನಮ್ಮ ಸೀಮೆಯ ಉದಾಹರಣೆಯಿಂದಲೇ ಇದನ್ನು ತಿಳಿಯಬಹುದು. ಅಜ್ಜಂಪುರದ ಕಡೆಯವರಿಗೆ ಬುಕ್ಕಾಂಬುಧಿಯ ಕೆರೆ ಗೊತ್ತು. ‘ಅಂಬುಧಿ’ ಎಂದರೆ ಕಡಲು. ಊರಿನ ಹೆಸರಿನಲ್ಲೇ ನೀರಿದೆ. ಕೆರೆಯಿದ್ದಲ್ಲಿ ಅಚ್ಚುಕಟ್ಟಿರುತ್ತದೆ, ಅಚ್ಚುಕಟ್ಟಿದ್ದಲ್ಲಿ ನೀರಿನ ಸರದಿಯ ಜಗಳವೂ ಇರುತ್ತದೆ. ತೂಬು ಎತ್ತಿದಾಗ ಮೇಲಿನ ಗದ್ದೆಯವನು “ನನ್ನದು ಮೊದಲು” ಎನ್ನುತ್ತಾನೆ, ಕೊನೆಯ ಗದ್ದೆಯವನೂ ಅದನ್ನೇ ಎನ್ನುತ್ತಾನೆ. ಇದು ತಕರಾರು, ಅಂದರೆ ಹೇಳಿದ್ದನ್ನೇ ಹೇಳುವುದು. ಅನುಭವಿ ನೀರುಗಂಟಿ ಇಬ್ಬರನ್ನೂ ಬೇರೆ ಪ್ರಶ್ನೆ ಕೇಳುತ್ತಾನೆ: ಯಾರ ಪೈರು ಯಾವ ಹಂತದಲ್ಲಿದೆ? ಯಾರಿಗೆ ರಾತ್ರಿ ನೀರು ಕಟ್ಟಲು ಆಳಿದ್ದಾರೆ? ಒಬ್ಬನಿಗೆ ಇಂದೇ ನೀರು ಬೇಕಿರಬಹುದು, ಇನ್ನೊಬ್ಬನಿಗೆ ಬೇಕಾದದ್ದು ನಾಳಿದ್ದು ಖಂಡಿತ ಬರುತ್ತದೆಂಬ ಭರವಸೆ ಮಾತ್ರ. ಹೀಗೆ ಕೇಳಿದ ಮೇಲೆ ಇಬ್ಬರಿಗೂ ದಾರಿ ಕಾಣುತ್ತದೆ.

ನೀರಿನದೇ ಒಂದು ಪ್ರಕರಣ ಪ್ರವಾದಿವರ್ಯರ(ಸ) ಮುಂದೆ ಬಂದದ್ದು ಬುಖಾರಿಯಲ್ಲಿ ವರದಿಯಾಗಿದೆ. ಮದೀನದ ಹರ್ರಾ ಎಂಬಲ್ಲಿ ಖರ್ಜೂರದ ತೋಟಗಳಿಗೆ ಹರಿಯುವ ಕಾಲುವೆಯ ಬಗ್ಗೆ ಹ. ಝುಬೈರ್(ರ) ಮತ್ತು ಒಬ್ಬ ಅನ್ಸಾರಿಯ ನಡುವೆ ವಿವಾದವಾಯಿತು. ಝುಬೈರರ ತೋಟ ಮೇಲಿನದು. ಪ್ರವಾದಿ(ಸ) ಮೊದಲು ಇಬ್ಬರಿಗೂ ಅನುಕೂಲವಾಗುವಂತೆ, ಝುಬೈರ್ ನೀರುಣಿಸಿಕೊಂಡು ನೆರೆಯವನಿಗೆ ಬಿಟ್ಟುಕೊಡಬೇಕೆಂದು ಸೂಚಿಸಿದರು. ಆ ವ್ಯಕ್ತಿ ಕೋಪದಿಂದ, ಝುಬೈರ್ ತಮ್ಮ ಅತ್ತೆಯ ಮಗನೆಂದು ಹೀಗೆ ಹೇಳುತ್ತಿದ್ದೀರೆಂದು ಆಡಿಬಿಟ್ಟನು. ಆಗ ಪ್ರವಾದಿ(ಸ) ತೋಟದ ಬದುವಿನ ಬುಡ ಮುಟ್ಟುವವರೆಗೆ ನೀರು ನಿಲ್ಲಿಸಿಕೊಂಡು ಆಮೇಲೆ ಬಿಡುವಂತೆ ಝುಬೈರರಿಗೆ ಅವರ ಪೂರ್ಣ ಹಕ್ಕನ್ನು ಕೊಟ್ಟರು.

ಇದರಲ್ಲಿ ಎರಡು ಹಂತಗಳಿವೆ. ಮೊದಲನೆಯದು ರಾಜಿ; ಅಲ್ಲಿ ಹಕ್ಕುದಾರನು ತನ್ನ ಹಕ್ಕಿನಲ್ಲಿ ಸ್ವಲ್ಪ ಬಿಟ್ಟುಕೊಡುತ್ತಾನೆ. ಅದು ಮುರಿದಾಗ ಎರಡನೆಯ ಹಂತವಾದ ತೀರ್ಪು ಬರುತ್ತದೆ. ಅಲ್ಲಿ ಹಕ್ಕು ಪೂರ್ಣವಾಗಿ ನಿಲ್ಲುತ್ತದೆ. ರಾಜಿಯ ಹಿಂದೆ ಹಕ್ಕು ಸದಾ ಕಾವಲು ನಿಂತಿರಬೇಕು. ಹಕ್ಕೇ ಕಾಣದಂತೆ ಮಾಡಿದ ಮೇಲೆ ಬಿಟ್ಟುಕೊಡುವುದಕ್ಕೆ ಅರ್ಥವಿರುವುದಿಲ್ಲ.

ಫಿಕ್ಹ್‌ನಲ್ಲಿ ಸುಲ್ಹ್

ಹನಫೀ ಫಿಕ್ಹ್‌ನ ‘ಹಿದಾಯ’ದಲ್ಲಿ ಸುಲ್ಹ್ ಮೂರು ವಿಧ. ಎದುರಾಳಿಯು ಹಕ್ಕನ್ನು ಒಪ್ಪಿಕೊಂಡು ಮಾಡುವ ರಾಜಿ, ಮೌನವಾಗಿದ್ದು ಮಾಡುವ ರಾಜಿ, ಹಕ್ಕನ್ನು ನಿರಾಕರಿಸುತ್ತಲೇ ಜಗಳ ತಪ್ಪಿಸಲು ಮಾಡುವ ರಾಜಿ. ಹನಫೀಗಳಲ್ಲಿ ಮೂರೂ ಸಿಂಧು. ಇಮಾಮ್ ಶಾಫಿಈಯವರ ಪ್ರಕಾರ ಹಕ್ಕನ್ನು ಒಪ್ಪಿಕೊಂಡ ರಾಜಿ ಮಾತ್ರ ಸಿಂಧು. ನಿಷಿದ್ಧವನ್ನು ಹಲಾಲ್ ಮಾಡುವ, ಹಲಾಲನ್ನು ನಿಷಿದ್ಧ ಮಾಡುವ ರಾಜಿ ಸಲ್ಲದೆಂಬುದು ಹದೀಸಿನ ಆಧಾರವಿರುವ ನಿಯಮ.

ಅದೇ ಅಧ್ಯಾಯದಲ್ಲಿ ‘ತಖಾರುಜ್’ ಎಂಬ ಪ್ರಕರಣವಿದೆ. ವಾರಸುದಾರರಲ್ಲಿ ಒಬ್ಬರು ಏನನ್ನಾದರೂ ಪಡೆದು ಆಸ್ತಿಯಿಂದ ಹೊರಹೋಗುವುದಕ್ಕೆ ಈ ಹೆಸರು. ಇದಕ್ಕೆ ಅಲ್ಲಿ ಕೊಟ್ಟಿರುವ ನಿದರ್ಶನವನ್ನು ನಮ್ಮ ಮನೆಗಳ ಪ್ರತಿ ಅಣ್ಣತಮ್ಮನೂ ತಿಳಿದಿರಬೇಕು. ಹ. ಅಬ್ದುರ್ರಹ್ಮಾನ್ ಬಿನ್ ಔಫ್(ರ) ತೀರಿಕೊಂಡಾಗ ಅವರ ಪತ್ನಿಯರಿಗೆ ಒಟ್ಟಾಗಿ ಎಂಟನೇ ಒಂದು ಭಾಗ ಬಂದಿತ್ತು. ಅದರ ಕಾಲು ಭಾಗ, ಅಂದರೆ ಒಟ್ಟು ಆಸ್ತಿಯ 32ರಲ್ಲಿ ಒಂದು, ತುಮಾಝಿರ್ ಎಂಬ ಪತ್ನಿಯದು. ಹ. ಉಸ್ಮಾನ್(ರ) ಅವರ ಕಾಲದಲ್ಲಿ ಅವರು 80,000 ದೀನಾರ್‌ಗೆ ರಾಜಿಯಾಗಿ ಪಾಲು ಬಿಟ್ಟರೆಂದು ‘ಹಿದಾಯ’ ಹೇಳುತ್ತದೆ. ನೋಡಿ, ಅವರಿಗೆ ತಮ್ಮ ಭಾಗ ಎಷ್ಟೆಂದು ಗೊತ್ತಿತ್ತು, ಪ್ರತಿಯಾಗಿ ಬಂದದ್ದು ಎಷ್ಟೆಂದೂ ಗೊತ್ತಿತ್ತು. ‘ಮಾಫ್ ಮಾಡಿಬಿಡಿ’ ಎಂಬ ಮಾತಿನಿಂದ ಆಸ್ತಿ ಕೈಬದಲಾಗಲಿಲ್ಲ.

ಉಮ್ಮು ಸಲಮಾ(ರ) ವರದಿ ಮಾಡಿರುವ ಇನ್ನೊಂದು ಘಟನೆ ಅಬೂದಾವೂದ್‌ನಲ್ಲಿದೆ. ಹಳೆಯ ವಾರಸಿನ ಆಸ್ತಿಯ ಬಗ್ಗೆ ಇಬ್ಬರು ಬಂದರು. ಯಾರ ಬಳಿಯೂ ಸಾಕ್ಷ್ಯವಿರಲಿಲ್ಲ. ತಾವು ಕೇಳಿದ್ದರ ಆಧಾರದಲ್ಲಿ ತೀರ್ಪು ಕೊಡುವ ಮನುಷ್ಯನಷ್ಟೇ, ಮಾತಿನ ಜಾಣ್ಮೆಯಿಂದ ಸಹೋದರನ ಹಕ್ಕನ್ನು ಪಡೆದವನು ಬೆಂಕಿಯ ತುಂಡನ್ನು ಪಡೆದಂತೆ ಎಂದು ಪ್ರವಾದಿ(ಸ) ಎಚ್ಚರಿಸಿದರು. ಇಬ್ಬರೂ ಅತ್ತು, ನನ್ನ ಹಕ್ಕು ಇವನಿಗೇ ಇರಲಿ ಎಂದರು. ಪ್ರವಾದಿ(ಸ) ಅಷ್ಟಕ್ಕೇ ಬಿಡಲಿಲ್ಲ. ನ್ಯಾಯವನ್ನು ಅರಸಿ ಪಾಲು ಮಾಡಿರಿ, ಚೀಟಿ ಎತ್ತಿರಿ, ಆಮೇಲೆ ಒಬ್ಬರನ್ನೊಬ್ಬರು ಮನ್ನಿಸಿರಿ ಎಂಬ ಅರ್ಥದಲ್ಲಿ ಹೇಳಿದರು.

ಓದುಗರೇ, ಈ ಕ್ರಮವನ್ನು ಗಮನಿಸಿರಿ. ಮೊದಲು ಪಾಲು, ಕೊನೆಗೆ ಮನ್ನಿಸುವುದು. ಇಬ್ಬರೂ ಕಣ್ಣೀರಿಟ್ಟ ಮೇಲೂ ಈ ಕ್ರಮ ಬದಲಾಗಲಿಲ್ಲ. ನಾನು ಆ ಪಂಚಾಯ್ತಿಯಲ್ಲಿ ಮನ್ನಿಸುವುದನ್ನು ಮೊದಲಿಗೆ ತಂದೆ; ಪಾಲು ಆಗಲೇ ಇಲ್ಲ.

ಶಿಫಾರಸು ಆಜ್ಞೆಯಲ್ಲ

ಮಧ್ಯಸ್ಥನ ಮಾತಿಗೆ ಎಷ್ಟು ತೂಕವಿರಬೇಕು? ಬರೀರಾ(ರ) ಎಂಬ ಮಹಿಳೆ ಗುಲಾಮಗಿರಿಯಿಂದ ಬಿಡುಗಡೆಯಾದಾಗ ಪತಿ ಮುಗೀಸ್‌ರನ್ನು ಬಿಟ್ಟು ಬೇರೆಯಾಗುವ ಆಯ್ಕೆ ಅವರಿಗಿತ್ತು, ಅವರು ಬೇರೆಯಾದರು. ಮುಗೀಸ್ ಮದೀನದ ಬೀದಿಗಳಲ್ಲಿ ಅಳುತ್ತಾ ಅವರ ಹಿಂದೆ ತಿರುಗುತ್ತಿದ್ದರು. ಮರಳಿ ಹೋಗಬಾರದೇ ಎಂದು ಪ್ರವಾದಿ(ಸ) ಬರೀರಾರನ್ನು ಕೇಳಿದರು. ಇದು ಆಜ್ಞೆಯೇ ಎಂದು ಬರೀರಾ ಕೇಳಿದರು. ಅಲ್ಲ, ಶಿಫಾರಸು ಮಾತ್ರ ಎಂದಾಗ, ಹಾಗಾದರೆ ಅವರು ನನಗೆ ಬೇಡ ಎಂದರು. ಅವರನ್ನು ಯಾರೂ ಗದರಿಸಲಿಲ್ಲ. ಪ್ರವಾದಿವರ್ಯರ(ಸ) ಶಿಫಾರಸನ್ನೇ ಒಬ್ಬ ಬಡ ಮಹಿಳೆ ನಿರಾಕರಿಸಬಹುದಾದರೆ, ನನ್ನಂಥ ಮದ್ರಸದ ಮಾಸ್ತರನ ಮಾತಿಗೋ ಮುತವಲ್ಲಿಯ ಮಾತಿಗೋ ‘ಆಗುವುದಿಲ್ಲ’ ಎನ್ನುವ ಸಹೋದರಿಯನ್ನು ಹಠಮಾರಿಯೆಂದು ಕರೆಯಲು ನಾವು ಯಾರು?

ದಂಪತಿಗಳ ವಿರಸದಲ್ಲಿ ಎರಡೂ ಕುಟುಂಬಗಳಿಂದ ಒಬ್ಬೊಬ್ಬ ಮಧ್ಯಸ್ಥರನ್ನು ನೇಮಿಸಬೇಕೆಂದು ಸೂರಃ ಅನ್ನಿಸಾದ 35ನೇ ಸೂಕ್ತ ಕಲಿಸುತ್ತದೆ. ಗಂಡನ ಕಡೆಯ ನಾಲ್ವರು ಹಿರಿಯರು ಕೂತು ಸೊಸೆಯನ್ನು ಕರೆಸುವುದು ಅದಕ್ಕೆ ಸಮವಲ್ಲ. 2002ರಲ್ಲಿ ಸುಪ್ರೀಂ ಕೋರ್ಟು ಶಮೀಮ್ ಆರಾ ಪ್ರಕರಣದಲ್ಲಿ, ತಲಾಕಿಗೆ ಸಮಂಜಸ ಕಾರಣವಿರಬೇಕು, ಅದಕ್ಕೆ ಮೊದಲು ಎರಡೂ ಕಡೆಯ ಮಧ್ಯಸ್ಥರಿಂದ ರಾಜಿ ಪ್ರಯತ್ನ ನಡೆದಿರಬೇಕು ಎಂದಿತು. 1984ರ ಕುಟುಂಬ ನ್ಯಾಯಾಲಯಗಳ ಕಾಯಿದೆಯೂ ಮೊದಲು ರಾಜಿಗೆ ಪ್ರಯತ್ನಿಸುವ ಹೊಣೆಯನ್ನು ನ್ಯಾಯಾಧೀಶರ ಮೇಲೆ ಇಟ್ಟಿದೆ. 2014ರಲ್ಲಿ ವಿಶ್ವ ಲೋಚನ್ ಮದನ್ ಪ್ರಕರಣದಲ್ಲಿ ಅದೇ ಕೋರ್ಟು, ದಾರುಲ್ ಕಝಾದ ತೀರ್ಮಾನವನ್ನಾಗಲಿ ಫತ್ವಾವನ್ನಾಗಲಿ ಯಾರ ಮೇಲೂ ಬಲವಂತವಾಗಿ ಹೇರುವಂತಿಲ್ಲ, ಸ್ವಇಚ್ಛೆಯಿಂದ ಹೋಗುವವರಿಗೆ ತಡೆಯೂ ಇಲ್ಲ ಎಂದು ಸ್ಪಷ್ಟಪಡಿಸಿತು. ನಮ್ಮ ಜಮಾಅತ್ ಪಂಚಾಯ್ತಿಗಳ ಬಲ ಜನರ ನಂಬಿಕೆಯಲ್ಲಿದೆ. ಬಹಿಷ್ಕಾರದ ಬೆದರಿಕೆ ಹಾಕಿದ ದಿನವೇ ಆ ಬಲ ಹೋಗುತ್ತದೆ.

ರಾಜಿ ಎಲ್ಲಿ ಸಲ್ಲದು

ಎಲ್ಲವನ್ನೂ ಚಾಪೆಯ ಮೇಲೆ ಕೂತು ಮುಗಿಸಲಾಗದು. 2010ರಲ್ಲಿ ಅಫ್ಕಾನ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಪಾಲು, ದಾಂಪತ್ಯ, ನೆರೆಹೊರೆ, ವ್ಯಾಪಾರದಂಥ ವಿವಾದಗಳು ರಾಜಿಗೆ ತಕ್ಕವೆಂದಿತು. ಗಂಭೀರ ಅಪರಾಧಗಳು, ಖೋಟಾ ದಾಖಲೆಯಂಥ ಆರೋಪಗಳು, ಅಪ್ರಾಪ್ತರ ಹಿತ ಅಡಗಿರುವಂಥ ವಿಷಯಗಳು ಕೋರ್ಟಿನಲ್ಲೇ ನಡೆಯಬೇಕೆಂದಿತು. ಹೆಂಗಸಿನ ಮೈಮೇಲೆ ಏಟಿನ ಗುರುತಿರುವಾಗ, ಮಗುವಿನ ಮೇಲೆ ದೌರ್ಜನ್ಯವಾಗಿರುವಾಗ ‘ಮನೆಯ ಮಾತು ಮನೆಯಲ್ಲೇ ಇರಲಿ’ ಎನ್ನುವವನು ಅನ್ಯಾಯಕ್ಕೆ ಪರದೆ ಕಟ್ಟುತ್ತಾನೆ. ಅನಾಥ ಮಗುವಿನ ಪಾಲನ್ನು ‘ರಾಜಿ’ಯಿಂದ ಕರಗಿಸುವುದರ ಶಿಕ್ಷೆ ಎಂಥದೆಂದು ಕುರ್‌ಆನ್ ಓದುವವರಿಗೆ ಹೇಳಬೇಕಾಗಿಲ್ಲ.

ಪಂಚಾಯ್ತಿಗೆ ಕೂರುವ ಮುನ್ನ

ಮನೆಯಲ್ಲಾಗಲಿ ಜಮಾಅತ್‌ನಲ್ಲಾಗಲಿ ರಾಜಿಗೆ ಕೂರುವವರು ಈ ಐದು ಮಾತುಗಳನ್ನು ಪಾಲಿಸಿದರೆ ಒಳಿತು.

1. ಮೊದಲು ಲೆಕ್ಕ. ಯಾರ ಹಕ್ಕು ಎಷ್ಟೆಂದು ಎಲ್ಲರೆದುರು ಓದಿ ಹೇಳಿರಿ. ಪಹಣಿ, ಖಾತೆ, ಸಾಲದ ಚೀಟಿಗಳು ಮುಂದಿರಲಿ.

2. ಎರಡೂ ಕಡೆಯವರನ್ನು ಪ್ರತ್ಯೇಕವಾಗಿಯೂ ಕೇಳಿರಿ. ಸಹೋದರಿ ಅಣ್ಣಂದಿರ ಮುಂದೆ ಹೇಳಲಾಗದ್ದನ್ನು ನಂಬಿಕೆಯ ಮಹಿಳೆಯೊಬ್ಬರ ಮುಂದೆ ಹೇಳುತ್ತಾರೆ. ಕೇಳಿದ್ದನ್ನು ಗುಟ್ಟಾಗಿಡಿ.

3. ಆ ದಿನವೇ ರುಜು ಮಾಡಿಸಬೇಡಿ. ಮನೆಗೆ ಹೋಗಿ ಯೋಚಿಸಲು, ಬೇಕಾದರೆ ವಕೀಲರನ್ನು ಕೇಳಲು ಸಮಯ ಕೊಡಿ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಇದೆ. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಬಹುದು.

4. ಒಪ್ಪಿದ್ದನ್ನು ಬರೆಯಿರಿ. ಸ್ಥಿರಾಸ್ತಿಯ ಪಾಲು ಬಿಡುವುದಾದರೆ ಹಕ್ಕು ಖುಲಾಸೆ ಪತ್ರವನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು. ಸಾಲದ ವಿಷಯದಲ್ಲಿ ಬರೆದಿಡಬೇಕೆಂದು ಕಲಿಸುವ ಸೂರಃ ಅಲ್‌ಬಕರದ 282ನೇ ಸೂಕ್ತದ ವಿವೇಕ ಇಲ್ಲೂ ಬೇಕು. ದಾವೆ ಕೋರ್ಟಿನಲ್ಲಿದ್ದರೆ ಲೋಕ ಅದಾಲತ್‌ನಲ್ಲಿ ದಾಖಲಿಸಿರಿ.

5. ಒಪ್ಪಿದ್ದನ್ನು ತಡಮಾಡದೆ ಕೊಡಿಸಿರಿ. ಕಅಬ್ ಬಿನ್ ಮಾಲಿಕ್(ರ) ಮಸೀದಿಯಲ್ಲಿ ಸಾಲ ಕೇಳುತ್ತಾ ದನಿಯೇರಿಸಿದಾಗ ಪ್ರವಾದಿ(ಸ) ಅರ್ಧ ಬಿಡುವಂತೆ ಸನ್ನೆ ಮಾಡಿದರು; ಅವರು ಒಪ್ಪಿದೊಡನೆ ಸಾಲಗಾರನಿಗೆ, ಎದ್ದು ಉಳಿದದ್ದನ್ನು ತೀರಿಸು ಎಂದರು. ಬಿಟ್ಟುಕೊಟ್ಟವನನ್ನು ಮತ್ತೆ ಅಲೆಸಬಾರದು.

ಮತ್ತೆ ಕೂತೆವು

ಆ ಸಹೋದರಿಯ ಪ್ರಶ್ನೆಗೆ ನಾನು ಎರಡು ದಿನಗಳ ಬಳಿಕ ಉತ್ತರ ಕೊಟ್ಟೆ. ಅಣ್ಣತಮ್ಮಂದಿರ ಮನೆಗೆ ಹೋಗಿ, ತಪ್ಪು ನನ್ನದು, ಆ ಕಾಗದ ರಾಜಿಯಲ್ಲ ಎಂದೆ. ದೊಡ್ಡವರು ಸಿಟ್ಟಾದರು. ಒಂದು ತಿಂಗಳು ನನ್ನ ಸಲಾಮಿಗೆ ಉತ್ತರವೂ ಸರಿಯಾಗಿ ಬರಲಿಲ್ಲ. ಆದರೆ ಚಿಕ್ಕವರು ಒಂದು ಸಂಜೆ ಬಂದು, “ಹಜ್ರತ್, ಅಬ್ಬಾನ ಕಬರ್ ಹತ್ರ ಹೋದರೆ ಮನಸ್ಸು ನಿಲ್ತಾ ಇಲ್ಲ. ಲೆಕ್ಕ ಹಾಕಿ” ಎಂದರು.

ಈ ಬಾರಿ ಮೊದಲು ಲೆಕ್ಕ ಓದಿದೆವು. ಐದರಲ್ಲಿ ಒಂದು ಎಂದಾಗ ಆ ಸಹೋದರಿ ಮೊದಲ ಬಾರಿಗೆ ತಲೆಯೆತ್ತಿ ಕೂತರು. ದೊಡ್ಡವರಿಗೆ ಬೇಕಿದ್ದದ್ದು ತಂದೆ ನೆಟ್ಟ ತೋಟ ಒಡೆಯದಿರುವುದು. ಸಹೋದರಿಗೆ ತೋಟ ಬೇಕಿರಲಿಲ್ಲ. ಸೋರುವ ಮನೆಗೆ ಸೂರು ಬೇಕಿತ್ತು, ತಾನೂ ಅಬ್ಬಾನ ಮಗಳೆಂದು ಅಣ್ಣತಮ್ಮಂದಿರು ಒಪ್ಪುವುದು ಬೇಕಿತ್ತು. ಪಾಲಿನ ಬೆಲೆಯನ್ನು ಊರಿನ ದರದಂತೆ ಕಟ್ಟಿದೆವು. ಅರ್ಧ ಹಣ ಕೂಡಲೇ, ಉಳಿದದ್ದು ಎರಡು ಅಡಿಕೆ ಕೊಯ್ಲಿನಲ್ಲಿ ಎಂದಾಯಿತು. ಹಣ ಪೂರ್ತಿ ಸಂದ ಮೇಲೆಯೇ ಖುಲಾಸೆ ಪತ್ರ ನೋಂದಣಿಯಾಯಿತು. ಕೊನೆಯ ಕಂತಿನಲ್ಲಿ ಒಂದಷ್ಟನ್ನು ಆಕೆ ತಾವಾಗಿಯೇ ಬಿಟ್ಟರು: “ಈಗ ಮಾಫ್ ಮಾಡ್ತೀನಿ, ಎಷ್ಟು ಅಂತ ಗೊತ್ತಿದೆ.”

ಜನರ ನಡುವೆ ಸಾಮರಸ್ಯ ಮೂಡಿಸುವುದು ಐಚ್ಛಿಕ ಉಪವಾಸ, ನಮಾಝ್, ದಾನಗಳಿಗಿಂತಲೂ ಮೇಲಿನ ದರ್ಜೆಯದೆಂದು ಹದೀಸಿನಿಂದ ತಿಳಿದಿದ್ದೇವೆ. ಅಷ್ಟು ದೊಡ್ಡ ಕಾರ್ಯವನ್ನು ಲೆಕ್ಕವಿಲ್ಲದೆ ಮಾಡಬಾರದು. ನಿಮ್ಮ ಮನೆಯಲ್ಲಿ ಹಿರಿಯರು ತೀರಿಕೊಂಡು ಪಾಲಾಗದೆ ಉಳಿದ ಆಸ್ತಿ ಇದೆಯೇ? ಈ ಸಂಚಿಕೆಯನ್ನು ಮಡಿಸಿಡುವ ಮುನ್ನ ಒಂದು ಹಾಳೆ ತೆಗೆದುಕೊಂಡು ವಾರಸುದಾರರೆಲ್ಲರ ಹೆಸರು ಬರೆಯಿರಿ. ಮದುವೆಯಾಗಿ ಹೋದ ಅಕ್ಕತಂಗಿಯರ ಹೆಸರೂ ಅದರಲ್ಲಿರಲಿ. ಪ್ರತಿ ಹೆಸರಿನ ಮುಂದೆ ಭಾಗವನ್ನು ಬರೆಯಿರಿ. ಮಾತುಕತೆ ಆ ಹಾಳೆಯಿಂದ ಆರಂಭವಾಗಲಿ. ನಮ್ಮ ತಕರಾರುಗಳನ್ನು ನಿಜವಾದ ರಾಜಿಯಲ್ಲಿ ಮುಗಿಸುವ ಬುದ್ಧಿಯನ್ನು ಅಲ್ಲಾಹನು ನಮಗೆಲ್ಲರಿಗೂ ಕೊಡಲಿ, ಆಮೀನ್.